ಪರದೆಯ ಮೂಲೆಯಲ್ಲಿ ಆಲಮಟ್ಟಿ

ಮಳೆಗಾಲ ಶುರುವಾಯಿತೆಂದರೆ ನಮ್ಮ ಮನೆಯಲ್ಲಿ ದಿನಾ ಒಂದು ಪ್ರಶ್ನೆ. "ಎಷ್ಟಕ್ಕ ಬಂತಪಾ ನೀರು?" ಕೇಳುವವರು ಅಪ್ಪ. ಚಹಾದ ಕಪ್ಪು ಹಿಡಿದು ನನ್ನ ಕೋಣೆಯ ಬಾಗಿಲಲ್ಲಿ ನಿಂತು ಕೇಳುತ್ತಾರೆ. ಯಾವ ನೀರು ಅಂತ ಬಾಗಲಕೋಟೆಯಲ್ಲಿ ಯಾರೂ ತಿರುಗಿ ಕೇಳುವುದಿಲ್ಲ. ಆಲಮಟ್ಟಿ ನೀರು. ಉತ್ತರ ಸಮುದ್ರಮಟ್ಟದಿಂದ ಎಷ್ಟು ಎತ್ತರ ಅಂತ ಮೀಟರಿನಲ್ಲೇ ಇರಬೇಕು. 519.60 ಅಂದರೆ ಡ್ಯಾಮು ತುಂಬಿತು ಅಂತ ಇಲ್ಲಿನ ಹುಡುಗರಿಗೂ ಗೊತ್ತು.

ನಾನು ಬೆಂಗಳೂರಿನ ಒಂದು ಕಂಪನಿಗೆ ನವನಗರದ ಮನೆಯಿಂದಲೇ ಕೆಲಸ ಮಾಡುತ್ತೇನೆ. ಅಪ್ಪ ಕೇಳಿದಾಗಲೆಲ್ಲ ಬ್ರೌಸರ್ ತೆರೆದು ಹುಡುಕುತ್ತಿದ್ದೆ. ಹುಡುಕಲು ಹೋದದ್ದು ಒಂದು ಅಂಕಿ. ಸಿಗುವಷ್ಟರಲ್ಲಿ ಮೂರು ಸುದ್ದಿ, ಒಂದು ಕ್ರಿಕೆಟ್ ಸ್ಕೋರು, ಒಂದು ಟ್ರ್ಯಾಕ್ಟರ್ ಜಾಹೀರಾತು ನೋಡಿ ಮುಗಿದಿರುತ್ತಿತ್ತು. ಅಪ್ಪನ ಚಹಾ ಮುಗಿದಿರುತ್ತಿತ್ತು. ಅವರು ಅಷ್ಟೊತ್ತಿಗೆ ಯಾರಿಗೋ ಫೋನ್ ಹಚ್ಚಿ ಉತ್ತರ ತಿಳಿದುಕೊಂಡಿರುತ್ತಿದ್ದರು.

ಆ ಒಂದು ಅಂಕಿ ಯಾವಾಗಲೂ ಪರದೆಯ ಮೂಲೆಯಲ್ಲೇ ಕೂತಿದ್ದರೆ ಹೇಗೆ? ಒಂದು ಶನಿವಾರ ಸಂಜೆ ಬಂದ ಯೋಚನೆ. ಎರಡು ತಾಸಿನ ಕೆಲಸ ಅಂದುಕೊಂಡೆ. ಮೂರು ಮಳೆಗಾಲ ಹಿಡಿಯಿತು.

ಹೀಗೆ ಪರದೆಯ ಮೇಲೆ ಸದಾ ಕೂತಿರುವ ಪುಟ್ಟ ಪ್ರೋಗ್ರಾಮಿಗೆ ವಿಜೆಟ್ ಅಂತಾರೆ. ಅದನ್ನು ನಾನು ಮೊದಲು ನೋಡಿದ್ದು ಹಳೇ ಬಾಗಲಕೋಟೆಯ ಒಂದು ನೆಟ್ ಕೆಫೆಯಲ್ಲಿ. ಮಾಲೀಕರ ಕಂಪ್ಯೂಟರಿಗೆ ಮಾತ್ರ ವಿಂಡೋಸ್ ವಿಸ್ಟಾ ಹಾಕಿದ್ದರು. ಬಲಗಡೆ ಗೋಡೆ ಗಡಿಯಾರದಂಥ ಒಂದು ದುಂಡು ಗಡಿಯಾರ, ಕೆಳಗೆ ಹವಾಮಾನ. ತಾಸಿಗೆ ಹದಿನೈದು ರೂಪಾಯಿ ಕೊಟ್ಟು ಕೂತವನು ಆ ಗಡಿಯಾರವನ್ನೇ ನೋಡುತ್ತಾ ಅರ್ಧ ತಾಸು ಕಳೆದಿದ್ದೆ. ಆಮೇಲೆ ತಿಳಿಯಿತು, ಈ ಆಸೆ ಬಹಳ ಹಳೆಯದು. 1984ರ ಮೊದಲ ಮ್ಯಾಕಿಂತೋಷ್‌ನಲ್ಲೇ ಕ್ಯಾಲ್ಕುಲೇಟರ್, ಅಲಾರಾಂ ಗಡಿಯಾರದಂಥ ಪುಟ್ಟ ಸಾಮಾನುಗಳಿದ್ದವು. 2003ರಲ್ಲಿ ಪರದೆಯ ಮೇಲೆ ವಿಜೆಟ್ ಕೂರಿಸುವ ಕಾನ್‌ಫ್ಯಾಬ್ಯುಲೇಟರ್ ಬಂತು. 2005ರಲ್ಲಿ ಆಪಲ್ ತನ್ನ ಡ್ಯಾಶ್‌ಬೋರ್ಡ್ ತಂದಿತು. 2007ರಲ್ಲಿ ವಿಸ್ಟಾದ ಗ್ಯಾಜೆಟ್‌ಗಳು. ಎಲ್ಲವೂ ಭಾರಿ ಸದ್ದು ಮಾಡಿದವು, ಎಲ್ಲವೂ ಹೋದವು. 2012ರಲ್ಲಿ ಮೈಕ್ರೋಸಾಫ್ಟ್ ತಾನೇ ಎಚ್ಚರಿಕೆ ಕೊಟ್ಟು, ಗ್ಯಾಜೆಟ್‌ಗಳನ್ನು ಬಂದ್ ಮಾಡಿಕೊಳ್ಳಿ ಅಂದಿತು. ಯಾರೋ ಬರೆದ ಗ್ಯಾಜೆಟ್ ನಮ್ಮ ಕಂಪ್ಯೂಟರಿನಲ್ಲಿ ನಮ್ಮದೇ ಅಧಿಕಾರ ಹಿಡಿದು ಏನು ಬೇಕಾದರೂ ಮಾಡಬಹುದಿತ್ತು, ಅದು ಕಾರಣ. ಡ್ಯಾಶ್‌ಬೋರ್ಡ್ 2019ರಲ್ಲಿ ಕಣ್ಮರೆಯಾಯಿತು.

ಕಂಪನಿಗಳು ಕೈಬಿಟ್ಟ ಮೇಲೂ ಹವ್ಯಾಸದವರು ಬಿಡಲಿಲ್ಲ. ವಿಂಡೋಸ್‌ನಲ್ಲಿ ರೈನ್‌ಮೀಟರ್ ಈಗಲೂ ಇದೆ. ಲಿನಕ್ಸ್‌ನಲ್ಲಿ ಕಾಂಕಿ ಇದೆ. ನನ್ನದು ಹಳೇ ಲ್ಯಾಪ್‌ಟಾಪು, ಲಿನಕ್ಸು. ಹಾಗಾಗಿ ಕಾಂಕಿಯಿಂದ ಶುರು ಮಾಡಿದೆ. ಒಂದು ಫೈಲಿನಲ್ಲಿ ಏನು ಬೇಕು, ಎಲ್ಲಿ ಬೇಕು ಅಂತ ಬರೆದರೆ ಸಾಕು, ಪರದೆಯ ಮೇಲೆ ಬರೆದು ತೋರಿಸುತ್ತದೆ. ಅರ್ಧ ತಾಸಿನಲ್ಲಿ ಗಡಿಯಾರ, ಬ್ಯಾಟರಿ, ಮೆಮೊರಿ ಎಲ್ಲಾ ಬಂತು. ಭಾರಿ ಖುಷಿಯಿಂದ "ಆಲಮಟ್ಟಿ" ಅಂತ ಟೈಪ್ ಮಾಡಿದೆ.

ಪರದೆಯ ಮೇಲೆ ಬಂದದ್ದು "ಆಲಮಟ್‌ಟಿ". ಅದೂ ಇಷ್ಟು ನೀಟಾಗಿ ಅಲ್ಲ. ಗುಡಿಸು ಒಂದು ಕಡೆ, ಅಕ್ಷರ ಒಂದು ಕಡೆ, ಜಾತ್ರೆಯಲ್ಲಿ ಕೈಬಿಟ್ಟ ಮಕ್ಕಳ ಹಾಗೆ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಈ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ. ನಾವು ಒಂದೇ ಅಕ್ಷರ ಅಂದುಕೊಳ್ಳುವ "ಟ್ಟಿ" ಕಂಪ್ಯೂಟರಿನ ಹೊಟ್ಟೆಯಲ್ಲಿ ನಾಲ್ಕು ತುಂಡು. ಒಂದು ಟ, ಅದನ್ನು ಅರ್ಧಾಕ್ಷರ ಮಾಡುವ ಒಂದು ಗುರುತು, ಇನ್ನೊಂದು ಟ, ಕೊನೆಗೆ ಗುಡಿಸು. ಒತ್ತಕ್ಷರಕ್ಕೆ, ಅಕ್ಷರಗಳಿಗೆಲ್ಲ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಬೇರೆ ಸಂಖ್ಯೆ ಇಲ್ಲ. ಈ ನಾಲ್ಕನ್ನು ನೋಡಿ, ಎರಡನೆಯ ಟ ಕೆಳಗೆ ಇಳಿಯಬೇಕು, ಕೊನೆಯಲ್ಲಿ ಬಂದ ಗುಡಿಸು ಹಿಂದಕ್ಕೆ ಹೋಗಿ ಮೊದಲನೆಯ ಟ ಮೇಲೆ ಕೂರಬೇಕು ಅಂತ ಯಾರೋ ನಿರ್ಧರಿಸಬೇಕು. ಎರಡನೇ ಇಯತ್ತೆಯಲ್ಲಿ ಮಾಸ್ತರರು ಕೈ ಹಿಡಿದು ತಿದ್ದಿಸಿದ್ದನ್ನು ಯಂತ್ರಕ್ಕೂ ಯಾರೋ ತಿದ್ದಿಸಬೇಕು, ಅಲ್ವಾ? ನಿಯಮಗಳು ಫಾಂಟಿನೊಳಗೆ ಇರುತ್ತವೆ. ಓದಿ ಜೋಡಿಸುವ ಕೆಲಸ ಇನ್ನೊಂದು ಪ್ರೋಗ್ರಾಮಿನದು. ನಾನು ಹಾಕಿಕೊಂಡಿದ್ದ ಕಾಂಕಿ ಆ ಜೋಡಣೆಯವರ ಹತ್ತಿರ ಹೋಗುತ್ತಲೇ ಇರಲಿಲ್ಲ. ಇಂಗ್ಲಿಷಿನ ಹಾಗೆ ಒಂದರ ಪಕ್ಕ ಒಂದು ಇಟ್ಟು ಕೈತೊಳೆದುಕೊಳ್ಳುತ್ತಿತ್ತು.

ಮೊದಲು ಹಟಕ್ಕೆ ಬಿದ್ದು ಒತ್ತಿಲ್ಲದ ಪದ ಹುಡುಕುತ್ತಾ ಕೂತೆ. "ಒಳಹರಿವು" ಒತ್ತಿಲ್ಲ, ಸರಿ. "ಹೊರಹರಿವು" ಸರಿ. "ಮಟ್ಟ" ಹೋಯಿತು. "ಇವತ್ತು" ಹೋಯಿತು. "ನಿನ್ನೆ" ಹೋಯಿತು. ಊರ ಹೆಸರೇ ಕೈಕೊಟ್ಟ ಮೇಲೆ ಇದೆಂಥ ಹುಚ್ಚು ಅಂತ ಬಿಟ್ಟೆ. ಆಮೇಲೆ ಕೈರೋ ಎನ್ನುವ ಚಿತ್ರ ಬಿಡಿಸುವ ಲೈಬ್ರರಿ ಹಿಡಿದೆ. ಅದರ ಸುಲಭದ ಅಕ್ಷರ ಬರೆಯುವ ದಾರಿಯನ್ನು ಅದರ ಕೈಪಿಡಿಯೇ ಆಟಿಕೆ ಅಂತ ಕರೆದಿದೆ. ನಾನು ಕೈಪಿಡಿ ಓದದೆ ಅದನ್ನೇ ಬಳಸಿ ಒಂದು ಭಾನುವಾರ ಕಳೆದೆ. ಕನ್ನಡ ಮತ್ತೆ ಚೂರುಚೂರು.

ಕೊನೆಗೆ ದಾರಿ ಸಿಕ್ಕಿದ್ದು ಅಕ್ಷರ ಜೋಡಿಸುವ ಪ್ಯಾಂಗೊ ಮತ್ತು ಹಾರ್ಫ್‌ಬಜ್ ಜೋಡಿಯಲ್ಲಿ. ಹೆಸರುಗಳೇ ಒಂದು ಕತೆ. ಪ್ಯಾಂಗೊ ಅನ್ನುವುದರಲ್ಲಿ ಗ್ರೀಕಿನ "ಎಲ್ಲ" ಮತ್ತು ಜಪಾನಿಯ "ಭಾಷೆ" ಸೇರಿವೆ. ಹಾರ್ಫ್‌ಬಜ್ ಪಾರಸಿ. ವಿಜಯಪುರದ ನನ್ನ ಗೆಳೆಯನೊಬ್ಬನಿಗೆ ಫೋನಿನಲ್ಲಿ ಇದನ್ನು ಹೇಳುತ್ತಿದ್ದೆ. ಅವನ ಮನೆಮಾತು ಉರ್ದು. "ಹರ್ಫ್ ಅಂದ್ರ ಅಕ್ಷರಲೇ, ಬಾಜ್ ಅಂದ್ರ ತೆರೆದದ್ದು" ಅಂದ. ತೆರೆದ ಅಕ್ಷರ. ಪಾರಸಿ ಶಾಸನ ಕೆತ್ತಿಸಿದ ಆದಿಲಶಾಹಿಗಳ ಊರಿನಲ್ಲಿ ಕೂತವನು ಹೇಳಿಕೊಟ್ಟ ಅರ್ಥ. ಆ ಪಾರಸಿ ಹೆಸರಿನವನು ನನ್ನ ಕನ್ನಡದ ಒತ್ತು ಸರಿ ಮಾಡಿದ. ಪೈಥಾನಿನಲ್ಲಿ ಕಿಟಕಿ ಕಟ್ಟುವ ಜಿಟಿಕೆ ಲೈಬ್ರರಿ ಹಿಡಿದು, ಅಂಚು ಪಟ್ಟಿ ಏನೂ ಇಲ್ಲದ ಒಂದು ಕಿಟಕಿ ಮಾಡಿ, ನೋಟೊ ಸಾನ್ಸ್ ಕನ್ನಡ ಫಾಂಟಿನಲ್ಲಿ "ಆಲಮಟ್ಟಿ" ಅಂತ ಬರೆದೆ. ಟ ಕೆಳಗೆ ಟ ಕೂತಿತು. ರಾತ್ರಿ ಒಂದೂವರೆ. ಎದ್ದು ಹೋಗಿ ನೀರು ಕುಡಿದು ಬಂದು ಮತ್ತೆ ನೋಡಿದೆ. ಕೂತೇ ಇತ್ತು.

ಅಕ್ಷರ ಆಯಿತು, ಅಂಕಿ ತರಬೇಕಲ್ಲ. ಜಲಾಶಯಗಳ ಮಟ್ಟ ದಿನಾ ಪ್ರಕಟವಾಗುತ್ತದೆ. ಒಂದು ಪುಟದಲ್ಲಿ ಉದ್ದನೆಯ ಕೋಷ್ಟಕ. ಪೂರ್ಣ ಮಟ್ಟ, ಇವತ್ತಿನ ಮಟ್ಟ, ಸಂಗ್ರಹ ಎಷ್ಟು ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ), ಹೋದ ವರ್ಷ ಇದೇ ದಿನ ಎಷ್ಟಿತ್ತು, ಒಳಹರಿವು, ಹೊರಹರಿವು. ನನ್ನ ಪ್ರೋಗ್ರಾಮು ಆ ಪುಟ ಇಳಿಸಿಕೊಂಡು, ಆಲಮಟ್ಟಿಯ ಸಾಲು ಹುಡುಕಿ, ಬೇಕಾದ ಮನೆಯಲ್ಲಿರುವ ಅಂಕಿ ಎತ್ತಿಕೊಳ್ಳುತ್ತದೆ. ಈ ಕೆಲಸವನ್ನು ಎರಡು ಭಾಗ ಮಾಡಿದ್ದು ನಾನು ಮಾಡಿದ ಒಂದೇ ಜಾಣತನ. ಒಬ್ಬ ಹೋಗಿ ಅಂಕಿ ತಂದು ಪುಟ್ಟ ಫೈಲಿನಲ್ಲಿ ಬರೆದಿಡುತ್ತಾನೆ. ಇನ್ನೊಬ್ಬ ಆ ಫೈಲು ನೋಡಿ ಚಿತ್ರ ಬಿಡಿಸುತ್ತಾನೆ. ನೆಟ್ ಹೋದರೂ ಚಿತ್ರ ಬಿಡಿಸುವವನು ಬಾಯಿ ಬಿಟ್ಟುಕೊಂಡು ನಿಲ್ಲುವುದಿಲ್ಲ.

ಉಳಿದ ಜಾಣತನದ ಗತಿ ಕೇಳಿ. ಮೊದಲ ವಾರ ಹತ್ತು ಸೆಕೆಂಡಿಗೊಮ್ಮೆ ಆ ಪುಟಕ್ಕೆ ಹೋಗಿ ಬರುವ ಹಾಗೆ ಬರೆದಿದ್ದೆ. ಅಪ್ಪನಿಗೆ ಹೆಮ್ಮೆಯಿಂದ ಹೇಳಿದೆ. ಅವರು ಒಂದು ಗುಟುಕು ಚಹಾ ಕುಡಿದು, "ಹೊಳಿ ಏನ ಹತ್ತ ಸೆಕೆಂಡಿಗೊಮ್ಮೆ ಏರತೈತೇನೋ?" ಅಂದರು. ಪುಟ ಬದಲಾಗುವುದೇ ದಿನಕ್ಕೊಮ್ಮೆ. ಬೇರೆಯವರ ಸರ್ವರಿಗೆ ದಿನಕ್ಕೆ 8,640 ಸಲ ಬಾಗಿಲು ಬಡಿಯುತ್ತಿದ್ದೆ. ನಾಚಿಕೆಯಾಯಿತು. ದಿನಕ್ಕೆ ಮೂರು ಸಲ ಅಂತ ಮಾಡಿದೆ. ಹೊತ್ತಿಗೆ ಸರಿಯಾಗಿ ಕೆಲಸ ಶುರು ಮಾಡಿಸುವ ಕ್ರಾನ್‌ನಲ್ಲಿ ಹಾಕಿದ್ದರೆ ಆ ಹೊತ್ತಿಗೆ ಲ್ಯಾಪ್‌ಟಾಪ್ ಬಂದ್ ಇದ್ದಾಗ ಸರದಿ ತಪ್ಪಿಹೋಗುತ್ತದೆ. ನಮ್ಮ ಕಡೆ ಮಳೆ ಬಂತೆಂದರೆ ಕರೆಂಟು ಹೋಗುವುದು ಗ್ಯಾರಂಟಿ, ಹಾಗಾಗಿ ಸಿಸ್ಟಮ್‌ಡಿ ಟೈಮರ್ ಬಳಸಿದೆ. ತಪ್ಪಿದ ಸರದಿಯನ್ನು ನೆನಪಿಟ್ಟುಕೊಂಡು ಲ್ಯಾಪ್‌ಟಾಪ್ ಎದ್ದ ಕೂಡಲೇ ಮಾಡು ಅಂತ ಅದಕ್ಕೆ ಹೇಳಬಹುದು.

ಅಂಕಿಯ ಪಕ್ಕ ನೀರು ಏರುವ ಒಂದು ಉದ್ದ ಪಟ್ಟಿ ಇಟ್ಟೆ. ಬಣ್ಣ ಏನಿಡುವುದು ಅಂತ ಗೊತ್ತಾಗದೆ, ಹಗ್ಗದ ಮೇಲೆ ಒಣಗುತ್ತಿದ್ದ ಅವ್ವನ ಇಳಕಲ್ ಸೀರೆಯ ಸೆರಗು ನೋಡಿ ಕೆಂಪು ಹಾಕಿದೆ. ಪಟ್ಟಿಯ ಅಂಚಿಗೆ ತೋಪ್ ತೆನಿಯ ಹಲ್ಲು ಹಲ್ಲು ಬಿಳಿ. ನೀರಿಗೆ ಕೆಂಪು ಬಣ್ಣವೇ ಅಂತ ಬೆಂಗಳೂರಿನ ಸಹೋದ್ಯೋಗಿ ಕೇಳಿದ. ಮಳೆಗಾಲದ ಕೃಷ್ಣೆಯನ್ನು ಅವನು ನೋಡಿಲ್ಲ.

ಅವ್ವನಿಗೂ ಏನಾದರೂ ಮಾಡೋಣ ಅಂತ ತಿಥಿ ತೋರಿಸುವ ವಿಜೆಟ್ ಶುರು ಮಾಡಿದೆ. ಚಂದ್ರನ ತಿಂಗಳು ಸರಾಸರಿ 29.53 ದಿನ, ಮೂವತ್ತು ತಿಥಿ, ಭಾಗಿಸಿದರೆ ಒಂದಕ್ಕೆ 23 ತಾಸು 37 ನಿಮಿಷ. ಸುಲಭ! ಎರಡೇ ವಾರದಲ್ಲಿ ಲೆಕ್ಕ ದಾರಿ ತಪ್ಪಿತು. ಚಂದ್ರ ಸರಾಸರಿಯಲ್ಲಿ ನಡೆಯುವುದಿಲ್ಲ. ಸೂರ್ಯನಿಂದ 12 ಡಿಗ್ರಿ ದೂರ ಸರಿದರೆ ಒಂದು ತಿಥಿ. ಅದು ಒಮ್ಮೆ 20 ತಾಸಿನಲ್ಲಿ ಮುಗಿಯುತ್ತದೆ, ಒಮ್ಮೆ 26 ತಾಸು ದಾಟುತ್ತದೆ. ಸರಿಯಾದ ಲೆಕ್ಕ ಹಾಕಿ ಮುಗಿಸಿದಾಗ ಮಣ್ಣೆತ್ತಿನ ಅಮವಾಸ್ಯೆ ಹತ್ತಿರವಿತ್ತು. ಅವ್ವನನ್ನು ಕರೆದು ತೋರಿಸಿದೆ. "ಗ್ವಾಡಿ ಮ್ಯಾಲಿನ ಕ್ಯಾಲೆಂಡರ್‌ನ್ಯಾಗ ಐತಲ್ಲೋ. ಅದಕ್ಕ ಕರೆಂಟೂ ಬೇಕಾಗಿಲ್ಲ" ಅಂದು ಹೋದಳು. ಗೋಡೆ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕವೂ ಬರೆದಿತ್ತು, ಗ್ಯಾಸ್ ಸಿಲಿಂಡರ್ ಬಂದ ತಾರೀಖೂ ಇತ್ತು. ಅಷ್ಟು ಕೆಲಸ ಮಾಡುವ ವಿಜೆಟ್ ಬರೆಯುವುದು ನನ್ನ ಕೈಲಿ ಆಗದು. ಅದನ್ನು ಅಳಿಸಿದೆ.

ಮೊದಲ ಮಳೆಗಾಲದ ಕೊನೆಗೆ ನನ್ನ ಪರದೆಯ ಮೇಲೆ ಹದಿನಾಲ್ಕು ಸಾಮಾನುಗಳಿದ್ದವು. ಸಿಪಿಯು ಬಿಸಿ, ನೆಟ್ ವೇಗ, ಉಷ್ಣಾಂಶ, ಕೆಲಸದ ಪಟ್ಟಿ, ಇನ್ನೇನೋ. ಒಂದು ದಿನ ಅಪ್ಪ ಬಾಗಿಲಲ್ಲಿ ನಿಂತು ಪರದೆ ನೋಡಿದರು, ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ, ಎಂದಿನಂತೆ ಕೇಳಿದರು. "ಎಷ್ಟಕ್ಕ ಬಂತಪಾ?" ಕೇಳಬಾರದು ಅಂತ ಮಾಡಿದ್ದೇ ಅದನ್ನು! ಆ ರಾತ್ರಿ ಒಂದೊಂದೇ ತೆಗೆದೆ. ಸಿಪಿಯು ಬಿಸಿ ಯಾರು ಕೇಳುತ್ತಾರೆ? ಬಿಸಿಯಾದರೆ ತೊಡೆಗೇ ಗೊತ್ತಾಗುತ್ತದೆ. ಬಾಗಿಲಲ್ಲಿ ನಿಂತು ಯಾರಾದರೂ ಕೇಳುವಂಥದ್ದು ಮಾತ್ರ ಇರಲಿ ಅಂತ ಬಿಟ್ಟೆ. ಗಡಿಯಾರ ಉಳಿಯಿತು, ನೀರು ಉಳಿಯಿತು.

ಎರಡನೇ ಮಳೆಗಾಲದಲ್ಲಿ ಆದದ್ದನ್ನು ಹೇಳಲೇಬೇಕು.

ಒಂದು ಬೆಳಗ್ಗೆ ವಿಜೆಟ್ 515 ಚಿಲ್ಲರೆ ತೋರಿಸುತ್ತಿತ್ತು. ಅಪ್ಪ ನೋಡಿದರು, ತಲೆಯಾಡಿಸಿದರು, ಹೊಳೆದಂಡೆಯ ಊರಿನಲ್ಲಿರುವ ನಮ್ಮ ಸೋದರಮಾವನಿಗೆ ಫೋನಿನಲ್ಲಿ ಹೇಳಿಯೂಬಿಟ್ಟರು. ಇನ್ನೂ ಟೈಮ್ ಐತಿ, ಪಂಪ್‌ಸೆಟ್ ಎತ್ತೂ ಅವಸರ ಇಲ್ಲ ಅಂತ. ಸಂಜೆ ಹಳೇ ಊರಿಗೆ ಹೋಗಿ ಬಂದವರು ಸೀದಾ ನನ್ನ ಕೋಣೆಗೆ ಬಂದರು. ಚಪ್ಪಲಿ ಕಾಲಲ್ಲೇ ಇತ್ತು.

"ನಿನ್ನ ಮಿಷಿನ್ ಸುಳ್ಳ ಹೇಳಾಕತ್ತೈತಿ. ನಾ ಹೊಳಿ ನೋಡಿ ಬಂದೀನಿ."

ಪುಟ ತೆರೆದು ನೋಡಿದೆ. ಕೋಷ್ಟಕದಲ್ಲಿ ಒಂದು ಮನೆ ಹೊಸದಾಗಿ ಸೇರಿತ್ತು. ನನ್ನ ಪ್ರೋಗ್ರಾಮು ಇವತ್ತಿನ ಮಟ್ಟ ಅಂತ ಎತ್ತಿಕೊಂಡು ಬರುತ್ತಿದ್ದದ್ದು ಹೋದ ವರ್ಷದ ಇದೇ ದಿನದ್ದು. ನಿಜವಾದ ನೀರು ಅದಕ್ಕಿಂತ ಎರಡು ಮೀಟರ್ ಮೇಲಿತ್ತು. ಮಾವ ಅಪ್ಪನ ಮಾತು ಕೇಳಿರಲಿಲ್ಲ, ಪಂಪ್‌ಸೆಟ್ ಆಗಲೇ ಎತ್ತಿಸಿದ್ದರು. ಅವರಿಗೆ ಅಪ್ಪನಿಗಿಂತ ಹೊಳೆಯ ಮೇಲೆ ನಂಬಿಕೆ ಜಾಸ್ತಿ. ಆದರೂ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಪುಟ ಬದಲಾಗುವುದು ಅದರ ಹಕ್ಕು. ನನ್ನ ವಿಜೆಟ್ ಒಂದು ತಪ್ಪು ಅಂಕಿಯನ್ನು ಚಂದದ ಫಾಂಟಿನಲ್ಲಿ, ಇಳಕಲ್ ಅಂಚಿನ ಸಮೇತ, ಅನುಮಾನವೇ ಇಲ್ಲದ ಹಾಗೆ ತೋರಿಸಿತ್ತು. ಚಂದ ಮಾಡಿದಷ್ಟೂ ನಂಬುತ್ತಾರೆ. ಅಪ್ಪ ನಂಬಿದ್ದರು.

ಆಮೇಲಿನ ಒಂದು ತಿಂಗಳು ಚಂದದ ಕೆಲಸ ಪೂರ್ತಿ ನಿಲ್ಲಿಸಿದೆ. ಈಗ ಪ್ರೋಗ್ರಾಮು ಮನೆಯ ಎಣಿಕೆ ನೋಡುವುದಿಲ್ಲ, ಮೇಲಿನ ತಲೆಬರಹ ಓದಿ ಹುಡುಕುತ್ತದೆ. ಪೂರ್ಣ ಮಟ್ಟದ ಮನೆಯಲ್ಲಿ 519.60 ಇಲ್ಲದಿದ್ದರೆ ತಪ್ಪು ಸಾಲಿಗೆ ಬಂದಿದ್ದೇನೆ ಅಂತ ತಿಳಿದುಕೊಳ್ಳುತ್ತದೆ. ನಿನ್ನೆಗೂ ಇವತ್ತಿಗೂ ಒಂದೂವರೆ ಮೀಟರಿಗಿಂತ ಹೆಚ್ಚು ಫರಕು ಬಂದರೆ ಒಪ್ಪುವುದಿಲ್ಲ. ಅಂಕಿಯ ಕೆಳಗೆ ಅದು ಯಾವತ್ತಿನದು ಅಂತ ತಾರೀಖು ಇದೆ. ಒಂದು ದಿನ ಹಳೆಯದಾದರೆ ಅಂಕಿ ಮಾಸುತ್ತದೆ, ಎರಡು ದಿನವಾದರೆ ಹೋಗೇಬಿಡುತ್ತದೆ. ಅನುಮಾನ ಬಂದಾಗಲೆಲ್ಲ ಅಂಕಿಯ ಜಾಗದಲ್ಲಿ "ಗೊತ್ತಿಲ್ಲ" ಅಂತ ಬರುತ್ತದೆ. ಮೊದಲ ಸಲ ಅದು ಬಂದ ದಿನ ಅಪ್ಪ ಬೈಯುತ್ತಾರೆ ಅಂದುಕೊಂಡೆ. ಚಷ್ಮಾ ಏರಿಸಿ ಓದಿ ನಕ್ಕರು. "ಇದು ಚಲೋ ಆತು. ಮಂದಿ ಇಷ್ಟೂ ಹೇಳಂಗಿಲ್ಲ."

ಒಂದು ಸಾಲಿನ ಮೇಲೆ ನನಗೆ ಭಾರಿ ಮೋಹವಿತ್ತು. "ತುಂಬಲು ಇನ್ನು ಇಷ್ಟು ದಿನ" ಅನ್ನುವ ಸಾಲು. ಲೆಕ್ಕ ಚಂದ ಇದೆ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ. ದಿನಕ್ಕೆ 86,400 ಸೆಕೆಂಡು. ಒಂದು ಲಕ್ಷ ಕ್ಯೂಸೆಕ್ ಒಂದು ದಿನ ಪೂರ್ತಿ ಬಂದರೆ 8.64 ಟಿಎಂಸಿ. ಆಲಮಟ್ಟಿಯ ಸಂಗ್ರಹ ಸುಮಾರು 123 ಟಿಎಂಸಿ. ಈಗ 71 ಇದ್ದರೆ, ಉಳಿದ 52 ತುಂಬಲು ಆರು ದಿನ. ಹೊರಹರಿವು ಕಳೆದು ಲೆಕ್ಕ ಹಾಕುವ ಹಾಗೆ ಬರೆದೆ. ಆಮೇಲೆ ಒಂಬತ್ತು ದಿನ ಅದು "ಇನ್ನು 2 ದಿನ" ಅಂತಲೇ ಹೇಳುತ್ತಿತ್ತು. ಮೇಲೆ ಮಹಾರಾಷ್ಟ್ರದಲ್ಲಿ ಮಳೆ ಜೋರಿದ್ದಾಗ, ಕೊಯ್ನಾ ಕಡೆಯಿಂದ ನೀರು ಬರುವುದಿದ್ದಾಗ, ಇಲ್ಲಿ ಡ್ಯಾಮು ತುಂಬಿಸಿಕೊಂಡು ಕೂರುವುದಿಲ್ಲ. ಜಾಗ ಖಾಲಿ ಇಟ್ಟುಕೊಳ್ಳಲು ಗೇಟು ತೆಗೆಯುತ್ತಾರೆ. 26 ಗೇಟು ಯಾವಾಗ ಎಷ್ಟು ಏಳುತ್ತವೆ ಅನ್ನುವುದು ನನ್ನ ಭಾಗಾಕಾರದಲ್ಲಿ ಇರಲಿಲ್ಲ. ಆ ಸಾಲು ತೆಗೆದೆ. ಮನಸ್ಸಿಲ್ಲದ ಮನಸ್ಸಿನಿಂದ.

ಅಪ್ಪ ಅದರ ಬದಲು ಬೇರೆ ಒಂದು ಕೇಳಿದರು. "ಹಿಡಕಲ್ ಹಾಕು." ಯಾಕೆ ಅಂದೆ. "ಡ್ಯಾಮಿನಾಗ 519 ಅಂದ್ರ ನಮ್ಮೂರಾಗ ಅಷ್ಟ ಇರತೈತೇನು? ಘಟಪ್ರಭಾ ತುಂಬಿ ಬಂದ್ರ ಇಲ್ಲಿ ಮ್ಯಾಲೆ ಇರತೈತಿ." ನಾನು ಹಿನ್ನೀರನ್ನು ತಟ್ಟೆಯಲ್ಲಿಟ್ಟ ನೀರಿನ ಹಾಗೆ ಸಮತಟ್ಟು ಅಂದುಕೊಂಡಿದ್ದೆ. ಹೊಳೆ ಹರಿಯುತ್ತಾ ಬಂದು ಹಿನ್ನೀರಿಗೆ ಸೇರುವಾಗ ಮೇಲಿನ ಕಡೆ ಎತ್ತರ, ಡ್ಯಾಮಿನ ಕಡೆ ಇಳಿಜಾರು. ಘಟಪ್ರಭೆಗೆ ಕಟ್ಟಿದ, ಬೆಳಗಾವಿ ಜಿಲ್ಲೆಯ ಹಿಡಕಲ್ ಡ್ಯಾಮ್‌ನಿಂದ ಎಷ್ಟು ಬಿಟ್ಟಿದ್ದಾರೆ ಅನ್ನುವುದು ಬಾಗಲಕೋಟೆಯವರಿಗೆ ಆಲಮಟ್ಟಿಯ ಅಂಕಿಯಷ್ಟೇ ಮುಖ್ಯ. 2019ರ ಆಗಸ್ಟಿನ ಪ್ರವಾಹ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಳೇ ಊರಿನಲ್ಲಿ 523 ಮೀಟರಿನ ಮುಳುಗಡೆ ಗೆರೆಯ ಒಳಗೆ ಮನೆ ಇದ್ದ ಅಪ್ಪನಿಗಂತೂ ಬೇಕಿಲ್ಲ. ಆ ಮನೆ ಬಿಟ್ಟು ನವನಗರದ ಸೆಕ್ಟರಿಗೆ ಬಂದು ಎಷ್ಟೋ ವರ್ಷವಾಯಿತು. ನೀರು ಎಷ್ಟಕ್ಕ ಬಂತು ಅಂತ ಅವರು ಕೇಳುವಾಗ ಯಾವ ಮೆಟ್ಟಿಲು ಲೆಕ್ಕ ಹಾಕುತ್ತಿರುತ್ತಾರೆ ಅಂತ ನನಗೆ ಆಗ ಸ್ವಲ್ಪ ಹೊಳೆಯಿತು. ಎರಡನೇ ಸಾಲು ಹಿಡಕಲ್ ಹೊರಹರಿವು.

ಹೊಸ ಲ್ಯಾಪ್‌ಟಾಪು ಬಂದಾಗ ಒಂದು ತಮಾಷೆ ಆಯಿತು. ಅದರಲ್ಲಿ ಕೆಡಿಇ ಡೆಸ್ಕ್‌ಟಾಪು, ಕಿಟಕಿಗಳನ್ನು ಪರದೆಗೆ ತರುವ ವೇಲ್ಯಾಂಡ್ ವ್ಯವಸ್ಥೆ. ಮೂಲೆಯಲ್ಲಿರಬೇಕಾದ ಆಲಮಟ್ಟಿ ಪರದೆಯ ನಟ್ಟನಡುವೆ ಬಂದು ಕೂತಿತು. ವೇಲ್ಯಾಂಡ್‌ನಲ್ಲಿ ಕಿಟಕಿ ತನ್ನ ಜಾಗವನ್ನು ತಾನೇ ಆರಿಸಿಕೊಳ್ಳುವ ಹಾಗಿಲ್ಲ, ಯಜಮಾನ ಹೇಳಿದಲ್ಲಿ ಕೂರಬೇಕು. ಲೇಯರ್ ಶೆಲ್ ಅನ್ನುವ ಇನ್ನೊಂದು ದಾರಿಯಿಂದ ಹೋಗಿ, ಹಿನ್ನೆಲೆಯ ಪದರದಲ್ಲಿ ಬಲಗಡೆ ಮೇಲೆ ಅಂಟಿಸು ಅಂತ ಕೇಳಿಕೊಂಡ ಮೇಲೆ ಜಾಗ ಸಿಕ್ಕಿತು.

ಹೋದ ಮಳೆಗಾಲದ ಒಂದು ಸಂಜೆ. ಎರಡು ದಿನದಿಂದ ಮಳೆ ಹಿಡಿದಿತ್ತು. ನೆಟ್ ಇರಲಿಲ್ಲ. ವಿಜೆಟ್ "ಗೊತ್ತಿಲ್ಲ" ಅನ್ನುತ್ತಿತ್ತು. ಅಪ್ಪ ಬಾಗಿಲಲ್ಲಿ ನಿಂತು ನೋಡಿ, ಕಪ್ಪು ಕೆಳಗಿಟ್ಟು, ಕೊಡೆ ತೆಗೆದುಕೊಂಡರು. "ನಡಿ, ನೋಡಿ ಬರೂಣು." ಗಾಡಿ ತೆಗೆದು ಹಳೇ ಊರಿಗೆ ಹೋದೆವು. ದಂಡೆಯಲ್ಲಿ ಇನ್ನೂ ಹತ್ತಿಪ್ಪತ್ತು ಮಂದಿ ಕೊಡೆ ಹಿಡಿದು ನಿಂತಿದ್ದರು, ಯಾರೂ ಮಾತಾಡುತ್ತಿರಲಿಲ್ಲ. ಕೆಂಪು ನೀರು, ಅದರಲ್ಲಿ ತೇಲುವ ಜಾಲಿ ಕಂಟಿ. ಅಪ್ಪ ನೀರಿನಲ್ಲಿ ಅರ್ಧ ಮುಳುಗಿದ ಒಂದು ಗೋಡೆ ನೋಡಿದರು, ಬೆರಳಿನಲ್ಲಿ ಏನೋ ಅಳೆದರು. "ಹದಿನೆಂಟೂವರಿ ಮ್ಯಾಲೈತಿ" ಅಂದರು.

ಮನೆಗೆ ಬಂದಾಗ ನೆಟ್ ಬಂದಿತ್ತು. ಪರದೆಯ ಮೂಲೆಯಲ್ಲಿ 518.62. ಕೆಳಗೆ ಇವತ್ತಿನ ತಾರೀಖು. ಒದ್ದೆ ಕೊಡೆ ಹಿಡಿದುಕೊಂಡೇ ಅಪ್ಪ ಬಗ್ಗಿ ನೋಡಿದರು. ಚಷ್ಮಾ ಅಡುಗೆಮನೆಯಲ್ಲೆಲ್ಲೋ ಇತ್ತು. ಕಣ್ಣು ಕಿರಿದು ಮಾಡಿ ಓದಿ, ಹ್ಞೂಂ ಅಂದರು.

"ಅಂಕಿ ಇನ್ನಷ್ಟ ದೊಡ್ಡದ ಮಾಡೋ. ನಾ ಚಷ್ಮಾ ಹುಡುಕೂದ್ರಾಗ ಹೊಳಿ ಇಳದಿರತೈತಿ."